ಬಾಳೆಸಿಪ್ಪೆಯ ಬೆಳಕಿನಲ್ಲಿ ಹನ್ನೊಂದು ಬಾವಿ

ಒಂದು ನಾಗರಿಕತೆ ಎಷ್ಟು ಮುಂದುವರಿದಿದೆ ಎಂಬುದನ್ನು ಅದು ಬಿಸಾಡುವ ವಸ್ತುಗಳಿಂದ ಅಳೆಯಬೇಕು ಎಂದು ತಿಳಿದವರು ಹೇಳುತ್ತಾರೆ. ಆ ಲೆಕ್ಕದಲ್ಲಿ ನಮ್ಮ ಮನೆಗೆ ನಾಗರಿಕತೆ ಇನ್ನೂ ಬಂದಿಲ್ಲ. ನಮ್ಮಲ್ಲಿ ಎಮ್ಮೆ ಇದೆ.

ಅಕ್ಕಿ ತೊಳೆದ ನೀರು, ಮುದ್ದೆ ಪಾತ್ರೆಯ ಗಸಿ, ತರಕಾರಿ ಸಿಪ್ಪೆ, ನಿನ್ನೆಯ ಸಾರು ಎಲ್ಲವೂ ಹಿತ್ತಲಿನ ಕಲಗಚ್ಚಿನ ಬಾನಿಗೆ ಹೋಗುತ್ತವೆ. ಬಾನಿಯಿಂದ ಎಮ್ಮೆಗೆ, ಎಮ್ಮೆಯಿಂದ ಹಾಲಿನ ಡೈರಿಗೆ. ನಡುವೆ ಏನೂ ಉಳಿಯುವುದಿಲ್ಲ. ಹೀಗಿರುವಾಗ ಹೋದ ಬೇಸಿಗೆಯಲ್ಲಿ ನನ್ನ ಹೆಂಡತಿಯ ತಮ್ಮನ ಮಗಳು ಬಂದು, ಬ್ಯಾಗು ಇಳಿಸುವ ಮೊದಲೇ, "ಮಾವ, ನಿಮ್ಮನೇಲಿ ದಿನಕ್ಕೆ ಎಷ್ಟು ಫುಡ್ ವೇಸ್ಟ್ ಆಗುತ್ತೆ?" ಎಂದು ಕೇಳಿದಳು. ಅಡುಗೆಮನೆಯಿಂದ ನನ್ನ ಹೆಂಡತಿಯ ತಲೆ ಹೊರಗೆ ಬಂತು.

"ವೇಸ್ಟಾ? ನಮ್ಮನೇಲಾ? ಯಾರವ್ವ ನಿಂಗೇಳಿದ್ದು? ನಿಮ್ಮಪ್ಪ ಏಳುದ್ನಾ?"

ಹುಡುಗಿ ಹನೂರಿನವಳು. ಮೈಸೂರಿನಲ್ಲಿ ರಸಾಯನಶಾಸ್ತ್ರದ ಸಂಶೋಧನೆ ಮಾಡುತ್ತಾಳೆ. ಹಳ್ಳಿಯ ಬಾವಿಗಳ ನೀರು ಪರೀಕ್ಷೆ ಮಾಡಬೇಕೆಂದು ಅವಳ ಗುರುಗಳು ಹೇಳಿದ್ದರಂತೆ. ಕೊಳ್ಳೇಗಾಲದಿಂದ ಯಳಂದೂರಿಗೆ ಹೋಗುವ ರಸ್ತೆಯಲ್ಲಿ ಇಳಿದು ಒಳಗೆ ನಡೆದರೆ ಸಿಗುವ ನಮ್ಮೂರಿನಲ್ಲಿ ಇನ್ನೂ ಹನ್ನೊಂದು ಬಾವಿಗಳಲ್ಲಿ ನೀರಿದೆ, ಒಬ್ಬ ಅತ್ತೆಯೂ ಇದ್ದಾಳೆ. ಆದ್ದರಿಂದ ವಿಜ್ಞಾನ ನಮ್ಮಲ್ಲಿಗೆ ಬಂತು.

ಅವಳು ವಿವರಿಸಿದ್ದನ್ನು ನನಗೆ ಅರ್ಥವಾದಷ್ಟು ಹೇಳುತ್ತೇನೆ. ಬಾಳೆಹಣ್ಣಿನ ಸಿಪ್ಪೆಯನ್ನು ನೀರಿನೊಂದಿಗೆ ಉಕ್ಕಿನ ದಪ್ಪ ಡಬ್ಬಿಯೊಂದರಲ್ಲಿ ಬಿಗಿಯಾಗಿ ಮುಚ್ಚಿ ಒಂದು ಹಗಲೆಲ್ಲ ಕಾಯಿಸಿದರೆ ಸಿಪ್ಪೆಯೊಳಗಿನ ಸಕ್ಕರೆ, ಪಿಷ್ಟ ಎಲ್ಲ ಕರಕಾಗಿ ಇಂಗಾಲದ ಚುಕ್ಕಿಗಳಾಗುತ್ತವೆ. ಕಣ್ಣಿಗೆ ಕಾಣುವ ಚುಕ್ಕಿಗಳಲ್ಲ. ಒಂದು ತಲೆಗೂದಲಿನ ಅಗಲಕ್ಕೆ ಸಾವಿರಾರು ಚುಕ್ಕಿಗಳನ್ನು ಸಾಲಾಗಿ ನಿಲ್ಲಿಸಬಹುದು. ಸೋಸಿದ ಆ ನೀರಿನ ಮೇಲೆ ನೇರಳಾತೀತ ಬೆಳಕು ಬಿಟ್ಟರೆ ನೀಲಿಯಾಗಿ ಹೊಳೆಯುತ್ತದೆ. ಅದಕ್ಕೆ ತಾಮ್ರ ಬೆರೆತ ನೀರು ಸೇರಿಸಿದರೆ ಹೊಳಪು ಆರಿಹೋಗುತ್ತದೆ. ಬೆಳಕಿದ್ದರೆ ನೀರು ಒಳ್ಳೆಯದು, ಕತ್ತಲಾದರೆ ಕೆಟ್ಟದ್ದು. ಹನೂರು, ಮಾಂಬಳ್ಳಿ, ಕೊಳ್ಳೇಗಾಲ ಅಂತ ಮೂವತ್ಮೂರು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿದ ನನಗೆ ಇಷ್ಟು ಸರಳವಾದ ವಿಜ್ಞಾನ ಒಂದು ದಿನವೂ ಸಿಕ್ಕಿರಲಿಲ್ಲ. ನ್ಯಾನೋಮೀಟರುಗಳು ನನಗೆ ಬಾಲ್ಯದಿಂದ ಪರಿಚಯ ಎಂಬಂತೆ ತಲೆಯಾಡಿಸಿದೆ.

ಅದೇ ವಾರ ಊರಿನಲ್ಲಿ ನೀರಿನ ಜಗಳ ನಡೆಯುತ್ತಿತ್ತು. ಊರಾಚೆ ಹಳ್ಳದ ಪಕ್ಕದಲ್ಲಿ ರೇಷ್ಮೆ ನೂಲಿಗೆ ಬಣ್ಣ ಹಾಕುವ ಒಂದು ಶೆಡ್ಡಿದೆ. ಕೊಳ್ಳೇಗಾಲದ ಮಗ್ಗದವರು ನೂಲು ಕಳಿಸುತ್ತಾರೆ. ಶೆಡ್ಡಿನಾತ ಕುದಿಯುವ ಕಡಾಯಿಯಲ್ಲಿ ಅದ್ದಿ, ಒಣಗಿಸಿ, ವಾಪಸು ಕಳಿಸುತ್ತಾನೆ. ಅವನ ಎರಡು ಕೈಗಳೂ ಮೊಣಕೈವರೆಗೆ ಯಾವಾಗಲೂ ಯಾವುದೋ ಒಂದು ಬಣ್ಣ. ಆ ಕೈ ನೋಡಿ ಮುಂದಿನ ತಿಂಗಳು ಎಂಥ ಸೀರೆ ಮಾರುಕಟ್ಟೆಗೆ ಬರುತ್ತದೆಂದು ಊರ ಹೆಂಗಸರು ಹೇಳುತ್ತಿದ್ದರು. ಇಂಥ ಮನುಷ್ಯನ ಮೇಲೆ ನಮ್ಮ ವಾರ್ಡಿನ ಪಂಚಾಯ್ತಿ ಮೆಂಬರು ದೂರು ಕೊಟ್ಟಿದ್ದರು. ಬಣ್ಣಕ್ಕೆ ತಾಮ್ರ ಹಾಕುತ್ತಾನೆ, ಆ ನೀರು ಇಂಗಿ ಬಾವಿಗೆಲ್ಲ ತಾಮ್ರ ಇಳಿದಿದೆ, ಶೆಡ್ಡಿಗೆ ಬೀಗ ಹಾಕಬೇಕು ಎಂದು. ಗುರುವಾರ ಸಭೆಯಲ್ಲಿ ತೀರ್ಮಾನ.

ಮೆಂಬರು ನನ್ನ ಹಳೆಯ ವಿದ್ಯಾರ್ಥಿ. ಸಿಕ್ಕಾಗ ಕೇಳಿದೆ. "ಸುಳ್ಳಲ್ಲ ಸಾ. ಕಾಪಿ ಕುಡುದ್ರೂ ಬೀಗದ್ ಕೈ ನೆಕ್ಕಿದಂಗಾಯ್ತದೆ" ಎಂದರು.

ಬಣ್ಣದಾತ ಸಂಜೆ ಮನೆಗೇ ಬಂದ. ಆ ವಾರ ಅವನ ಕೈ ಗಿಳಿಹಸಿರು.

"ಇಪ್ಪತ್ತೊರ್ಸದಿಂದ ಇಲ್ಲೇ ನೂಲು ಅದ್ತಾ ಇವ್ನಿ ಮೇಷ್ಟ್ರೇ. ಇಷ್ಟ್ ದಿನ ಇಲ್ದಿದ್ ರುಚಿ ಇವತ್ತೆಲ್ಲಿಂದ ಬಂತು? ಬೀಗ ಬಿದ್ರೆ ಮಗ್ಗದೋರು ನೂಲ ಬೇರೆ ಕಡೆ ಕೊಡ್ತಾರೆ ಸಾ. ಒಂದ್ಸಲ ಓದ ನೂಲು ಮತ್ತೆ ಬರಕಿಲ್ಲ. ನಾನು, ನನ್ನೆಂಡ್ರು, ಕೆಲಸಕ್ ಬರೋ ನಾಕ್ ಜನ ಎಂಗಸ್ರು, ಎಲ್ಲಿಗೋಗನಾ?"

ಆಗ ನಾನು ಬಾಯಿ ಬಿಟ್ಟೆ. ನಮ್ಮ ಮನೆಯಲ್ಲೇ ವಿಜ್ಞಾನವಿದೆ, ಅದು ಯಾರ ಪಕ್ಷವೂ ಅಲ್ಲ, ಬುಧವಾರ ಎಲ್ಲ ಬಾವಿಗಳ ನೀರನ್ನೂ ಪರೀಕ್ಷೆ ಮಾಡಿ ಸತ್ಯವನ್ನು ಸಭೆಯ ಮುಂದೆ ಇಡುತ್ತೇನೆ ಎಂದೆ. ಆತ ಎರಡೂ ಹಸಿರು ಕೈ ಮುಗಿದ. "ನೀವೇಳುದ್ರೆ ಮುಗೀತು ಸಾ." ಒಬ್ಬನ ಜೀವನ ಹೀಗೆ ಒಂದು ಬಾಳೆಸಿಪ್ಪೆಯ ಮೇಲೆ ನಿಂತಿತು.

ಸಿಪ್ಪೆ ಸಂಪಾದಿಸುವುದೇ ಮೊದಲ ಕಷ್ಟವಾಯಿತು. ಎಮ್ಮೆ ಹಕ್ಕು ಬಿಟ್ಟುಕೊಡಲಿಲ್ಲ. ಬಾನಿಯ ಮುಂದೆ ನಾನೂ ಅದೂ ಎದುರುಬದುರು ನಿಂತು, ಕೊನೆಗೆ ಆರು ಸಿಪ್ಪೆ ನನಗೆ, ಉಳಿದದ್ದು ಅದಕ್ಕೆ ಎಂದು ಇತ್ಯರ್ಥವಾಯಿತು. ಕಾಯಿಸಲು ಓವನ್ ಬೇಕಿತ್ತು. ಗೃಹಪ್ರವೇಶಕ್ಕೆ ಭಾಮೈದ ಕೊಟ್ಟ ಓವನ್ ನಮ್ಮಲ್ಲಿತ್ತು. ಬಂದ ದಿನದಿಂದ ಅದು ಹಪ್ಪಳ ಸಂಡಿಗೆಗಳ ಉಗ್ರಾಣ. ಹಪ್ಪಳವನ್ನೆಲ್ಲ ಹೊರಗೆ ತೆಗೆದು ಹುಡುಗಿ ತಂದಿದ್ದ ಉಕ್ಕಿನ ಡಬ್ಬಿಯನ್ನು ಒಳಗಿಟ್ಟೆವು. ಬೆಳಗಿನಿಂದ ಸಂಜೆಯವರೆಗೆ ಕಾದು, ಮರುದಿನ ತಣ್ಣಗಾದ ಮೇಲೆ ಬಿಚ್ಚಿ ಸೋಸಿದಾಗ ಸಿಕ್ಕಿದ್ದು ತೆಳ್ಳನೆಯ ಕಾಫಿಯಂಥ ಕಂದು ನೀರು.

"ಇಷ್ಟಕ್ಕಾ ಎಂಟ್ ಗಂಟೆ ಕರೆಂಟು?" ಎಂದಳು ನನ್ನ ಹೆಂಡತಿ.

ಹೊಳಪು ನೋಡಲು ಕತ್ತಲೆ ಬೇಕು. ಹಗಲಿನಲ್ಲಿ ಕತ್ತಲಿರುವ ಕೋಣೆ ನಮ್ಮ ಮನೆಯಲ್ಲಿ ಒಂದೇ: ದೇವರ ಕೋಣೆ. ಅದಕ್ಕೆ ಕಿಟಕಿಯಿಲ್ಲ. ಸ್ನಾನ ಮಾಡಿ ಹೋಗುವುದಾದರೆ ಆಗಬಹುದು ಎಂದು ಹೆಂಡತಿ ಅಪ್ಪಣೆ ಕೊಟ್ಟಳು. ಅಂಗಡಿಯವರು ಖೋಟಾ ನೋಟು ನೋಡಲು ಇಟ್ಟುಕೊಳ್ಳುತ್ತಾರಲ್ಲ, ಅಂಥ ಟಾರ್ಚನ್ನು ಹುಡುಗಿ ತಂದಿದ್ದಳು. ನೀರು ಬೆರೆಸಿ ತಿಳಿ ಮಾಡಿದ ಆ ಕಷಾಯದ ಮೇಲೆ ಟಾರ್ಚು ಬಿಟ್ಟಾಗ ಗಾಜಿನ ನಳಿಗೆ ತುಂಬ ನೀಲಿ ಬೆಳಕು ಎದ್ದು ನಿಂತಿತು.  ಎಮ್ಮೆಯ ಪಾಲಿನ ಸಿಪ್ಪೆಯೊಳಗೆ ಇದೆಲ್ಲ ಇತ್ತೇ!

ಮರುದಿನ ಬೆಳಿಗ್ಗೆ ಡೈರಿಯ ಮುಂದೆ ಹಾಲಿಗೆ ನಿಂತ ಜನಕ್ಕೆ ನಾನೇ ಗಟ್ಟಿಯಾಗಿ ಸಾರಿದೆ. ಬಾವಿ ಇರುವ ಮನೆಯವರು ಇವತ್ತು ಸಂಜೆಯೇ ನೀರು ಸೇದಿಟ್ಟು, ತಿಳಿಯಾಗಲು ಬಿಟ್ಟು, ಬುಧವಾರ ಹತ್ತು ಗಂಟೆಗೆ ನಮ್ಮ ಮನೆಗೆ ತರಬೇಕು. ಪಾತ್ರೆ ಶುದ್ಧವಾಗಿರಬೇಕು. ಪರೀಕ್ಷೆ ನಡೆಯುವುದು ದೇವರ ಕೋಣೆಯಲ್ಲಿ. ಈ ಮೂರು ವಾಕ್ಯಗಳನ್ನು ನಾನು ಇವತ್ತಿಗೂ ಒಂಟಿಯಾಗಿ ಕೂತಾಗ ನೆನೆಯುತ್ತೇನೆ.

ಬುಧವಾರ ಹತ್ತಕ್ಕೆ ನಮ್ಮ ಜಗಲಿಯ ಮೇಲೆ ಹತ್ತು ತಾಮ್ರದ ಚೊಂಬುಗಳು ಸಾಲಾಗಿ ಕೂತಿದ್ದವು. ಒಂದೊಂದೂ ಕಣ್ಣು ಕುಕ್ಕುವ ಹಾಗೆ ಥಳಥಳ. ಕೆಲವಕ್ಕೆ ವಿಭೂತಿ ಬಳಿದಿತ್ತು, ಒಂದಕ್ಕೆ ಮಲ್ಲಿಗೆ ಸುತ್ತಿತ್ತು. ನಮ್ಮ ಮನೆಯದೂ ಅದರಲ್ಲಿ ಒಂದು. ಊರು ವಿಜ್ಞಾನಕ್ಕೆ ತೋರಿಸಿದ ಗೌರವ ಕಂಡು ನಾನು ಒಳಗೆ ಹೋಗಿ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದೆ. ಬಣ್ಣದಾತ ಮಾತ್ರ ತನ್ನ ಶೆಡ್ಡಿನ ಬಾವಿ ನೀರನ್ನು ತಂಪು ಪಾನೀಯದ ಹಳೇ ಬಾಟಲಿಯಲ್ಲಿ ತಂದು, ಚೊಂಬುಗಳ ಸಾಲಿನಿಂದ ದೂರ ಕಂಬದ ಹಿಂದೆ ಇಟ್ಟಿದ್ದ.

"ಏನ್ಲಾ, ದೇವ್ರ ಕ್ವಾಣೆಗೆ ಇದ್ರಲ್ಲಾ ನೀರ್ ತರದು?" ಎಂದರು ಮೆಂಬರು.

"ನಮ್ಮನೇಲಿ ಪಾತ್ರೆಗೆಲ್ಲ ಬಣ್ಣ ಅತ್ಗಂಡದೆ ಅಣ್ಣ. ಇದೇ ಒಸಿ ಚೆಂದಾಗಿತ್ತು."

ಕೋಣೆಯೊಳಗೆ ನಾನು, ಹುಡುಗಿ, ಸಾಕ್ಷಿಗೆ ಮೆಂಬರು, ಬಣ್ಣದಾತ. ಬಾಗಿಲ ಸಂದಿಗೆ ಗೋಣಿಚೀಲ. ಮೊದಲು ಬರೀ ಕಷಾಯದ ನೀಲಿ ತೋರಿಸಿದೆವು. ಮೆಂಬರು ಅಭ್ಯಾಸಬಲದಿಂದ ಕೈ ಮುಗಿದರು. ಬಣ್ಣದಾತ ಬಗ್ಗಿ ನೋಡಿ, "ಒಳ್ಳೆ ಶೇಡು ಕಣವ್ವ. ನೂಲಿಗೆ ಅತ್ತುತ್ತಾ?" ಎಂದು ಹುಡುಗಿಯನ್ನು ಕೇಳಿದ.

ಚೊಂಬುಗಳ ನೀರನ್ನು ನಾನೇ ಜಗಲಿಯಲ್ಲಿ ನಳಿಗೆಗಳಿಗೆ ತುಂಬಿ ತಂದಿದ್ದೆ; ಹುಡುಗಿ ಕೋಣೆ ಬಿಟ್ಟು ಹೊರಗೆ ಬಂದಿರಲಿಲ್ಲ. ಮೊದಲ ಚೊಂಬಿನ ನೀರು ಹಾಕಿದಳು. ಬೆಳಕು ಕುಗ್ಗಿತು, ಆರಿತು. ಎರಡನೆಯದು, ಅದೂ ಕತ್ತಲೆ. ನಮ್ಮ ಮನೆಯ ಚೊಂಬು ಐದನೆಯದು. ಅದು ಉಳಿದೆಲ್ಲದಕ್ಕಿಂತ ಬೇಗ ಆರಿತು. ಹತ್ತನೆಯದರವರೆಗೂ ಕತ್ತಲೆಯೇ. ಕೊನೆಗೆ ಬಾಟಲಿಯ ನೀರು. ಅದು ಮಾತ್ರ ನೀಲಿಯಾಗಿ ಹೊಳೆಯುತ್ತ ನಿಂತಿತು.

"ನೋಡುದ್ರಾ ಸಾ!" ಮೆಂಬರು ಕತ್ತಲಲ್ಲೇ ಕೂಗಿದರು. "ತನ್ ಬಾವಿ ಒಂದ್ನ ಚೆಂದಾಗಿಟ್ಕಂಡು ಇಸನೆಲ್ಲ ನಮ್ ಕಡೆ ತಳ್ಬುಟ್ಟವ್ನೆ!"

"ಭೂಮಿ ಒಳ್ಗೆ ಅದ್ನೆಂಗಣ್ಣ ತಳ್ಳದು? ನಾನೇನು ಎಗ್ಣನಾ?"

ಹುಡುಗಿ ನನ್ನ ತೋಳು ಹಿಡಿದು ಪಿಸುಗುಟ್ಟಿದಳು. "ಮಾವ, ಇಷ್ಟೊಂದು ಇರೋಕೆ ಸಾಧ್ಯನೇ ಇಲ್ಲ. ಎಲ್ಲೋ ತಪ್ಪಾಗಿದೆ. ಇನ್ನೊಂದ್ಸಲ ನೋಡೋವರ್ಗೂ ಏನೂ ಹೇಳ್ಬೇಡಿ."

ಕೇಳಬೇಕಿತ್ತು. ಆದರೆ ಜಗಲಿಯ ಮೇಲೆ ಊರು ಕಾಯುತ್ತಿತ್ತು, ಮತ್ತು ಮೂವತ್ಮೂರು ವರ್ಷ ನನ್ನ ತರಗತಿಯಲ್ಲಿ ಪ್ರಯೋಗ ಒಂದೇ ಸಲಕ್ಕೆ ಮುಗಿಯುತ್ತಿತ್ತು. ವಿಜ್ಞಾನ ಕಂಡದ್ದನ್ನು ಹೇಳಬೇಕು ಎಂದೆ. ಹನ್ನೊಂದರಲ್ಲಿ ಹತ್ತು ಬಾವಿಗಳಲ್ಲಿ ತಾಮ್ರ ಕಂಡುಬಂದಿದೆ ಎಂದು ಬಿಳಿ ಹಾಳೆಯಲ್ಲಿ ದುಂಡಗೆ ಬರೆದು ಸಹಿ ಹಾಕಿದೆ. ಗುರುವಾರ ಸಭೆಯಲ್ಲಿ ಅದನ್ನು ಓದಿದರು. ಮಧ್ಯಾಹ್ನ ಶೆಡ್ಡಿಗೆ ಬೀಗ ಬಿತ್ತು.

ಬಣ್ಣದಾತ ಮತ್ತೆ ಮನೆಗೆ ಬಂದ. ಬೈಯಲು ಬಂದನೆಂದು ನಾನು ಎದ್ದು ನಿಂತೆ. ಅವನು ಬೈಯಲಿಲ್ಲ.

"ಕಡಾಯೀಲಿ ಅರ್ಧ ಅದ್ದಿದ್ ನೂಲದೆ ಸಾ. ಅಂಗೇ ಬುಟ್ರೆ ಕೆಟ್ಟೋಯ್ತದೆ. ಅದೊಂದ್ನ ತಕ್ಕಳಕ್ಕೆ ಬುಡಿ ಅಂತ ಒಸಿ ಏಳ್ತೀರಾ? ನಿಮ್ ಮಾತ ಕೇಳ್ತಾರೆ."

ನನ್ನ ಮಾತು ಕೇಳುತ್ತಾರೆ ಎಂಬುದೇ ಆಗ ನನ್ನ ಸಂಕಟವಾಗಿತ್ತು. ಹೋಗಿ ಹೇಳಿದೆ. ಅರ್ಧ ಗಂಟೆ ಬೀಗ ತೆಗೆದರು. ಅವನೂ ಅವನ ಹೆಂಡತಿಯೂ ಹಸಿ ನೂಲನ್ನು ಹೆಗಲ ಮೇಲೆ ಹೊತ್ತು ಹೊರಗೆ ಬಂದರು. ಮತ್ತೆ ಬೀಗ ಹಾಕಿದರು.

ಶುಕ್ರವಾರ ಮಧ್ಯಾಹ್ನ ಹುಡುಗಿ ಹಜಾರದಲ್ಲಿ ಕೂತು ಗಾಜಿನ ನಳಿಗೆಗಳನ್ನು ತೊಳೆಯುತ್ತಿದ್ದಳು. ಎರಡು ದಿನದಿಂದ ನನ್ನೊಡನೆ ಮಾತು ಕಡಿಮೆ. ಕುಡಿಯಲೆಂದು ಅತ್ತೆ ಇಟ್ಟಿದ್ದ ಚೊಂಬಿನಿಂದಲೇ ಕೊನೆಯ ಸಲ ಜಾಲಿಸಿ, ಉಳಿದ ಕಷಾಯಕ್ಕೆ ಅದೇ ನೀರು ಬೆರೆಸಿ, ಅದರ ಹೊಳಪು ಹೇಗಿದೆಯೆಂದು ನೋಡಲು ದೇವರ ಕೋಣೆಗೆ ಹೋದಳು. ಅದು ಹೊಳೆಯಲೇ ಇಲ್ಲವಂತೆ; ಒಂದು ನಿಮಿಷಕ್ಕೆ ಹೊರಗೆ ಬಂದಳು.

"ಮಾವ, ಈ ಚೊಂಬಲ್ಲಿರೋದು ಯಾವ ಬಾವಿ ನೀರು?"

"ಬಾವಿದಲ್ಲ ಕಣಮ್ಮ. ಫಿಲ್ಟರ್ ನೀರು. ಪ್ಲಾಸ್ಟಿಕ್ ಕ್ಯಾನಲ್ಲಿ ತರ್ತೀವಲ್ಲ, ಅದು."

ಕ್ಯಾನಿನಿಂದ ನೇರ ತೆಗೆದು ನೋಡಿದಳು: ನೀಲಿ. ಅದೇ ನೀರು ಚೊಂಬಿನಿಂದ: ಕತ್ತಲೆ. ಅವಳು ಚೊಂಬನ್ನು ಎರಡು ಕೈಯಲ್ಲಿ ಹಿಡಿದು, ಮಗುವಿನ ಮುಖ ನೋಡುವ ಹಾಗೆ ತಿರುಗಿಸಿ ತಿರುಗಿಸಿ ನೋಡಿದಳು.

"ಅತ್ತೇ, ಇದನ್ನ ಯಾವುದ್ರಲ್ಲಿ ಬೆಳಗ್ತೀರಾ?"

"ಉಣ್ಸೇಹಣ್ಣು, ಉಪ್ಪು. ಇನ್ಯಾವುದ್ರಲ್ಲವ್ವ? ನಿನ್ ಪರೀಕ್ಸೆಗೇಂತ ಎರಡ್ಸಲ ಬೆಳಗಿದ್ದೆ. ಊರೋರೆಲ್ಲ ಅಂಗೇ ಮಾಡವ್ರೆ. ಅಂಗಡೀಲಿ ಉಣ್ಸೇಹಣ್ಣೇ ಮುಗುದೋಗಿತ್ತಂತೆ."

ಇಲ್ಲಿ ಒಂದು ಸಂಗತಿಯನ್ನು ಒಪ್ಪಿಕೊಳ್ಳಬೇಕು. 'ಕಿಲುಬು ಹಿಡಿದ ತಾಮ್ರದ ಪಾತ್ರೆಗಳನ್ನು ಹುಣಸೆಹಣ್ಣಿನಿಂದ ಉಜ್ಜುವುದೇಕೆ?' ಇದು ಎರಡು ಅಂಕದ ಪ್ರಶ್ನೆ. ಹುಳಿಯಲ್ಲಿರುವ ಆಮ್ಲ ತಾಮ್ರದ ಕಿಲುಬನ್ನು ಕರಗಿಸುತ್ತದೆ ಎಂಬುದು ಉತ್ತರ. ಕರಗಿದ್ದು ಎಲ್ಲಿಗೆ ಹೋಗುತ್ತದೆ ಎಂದು ನಾನು ಯಾರನ್ನೂ ಕೇಳಿರಲಿಲ್ಲ. ಈ ಪ್ರಶ್ನೆಯನ್ನು ವರ್ಷ ಬಿಡದೆ ಕೇಳಿದ್ದೇನೆ, ಬರೆಯದವರನ್ನು ಬೆಂಚಿನ ಮೇಲೆ ನಿಲ್ಲಿಸಿದ್ದೇನೆ. ಹಾಗೆ ನಿಂತವರಲ್ಲಿ ನಮ್ಮ ಮೆಂಬರೂ ಒಬ್ಬರು. ಈಗ ಉತ್ತರ ಗೊತ್ತಿದ್ದ ಒಬ್ಬನೇ ಮನುಷ್ಯ, ಹುಳಿ ಹಾಕಿ ಉಜ್ಜಿದ ಹತ್ತು ಚೊಂಬುಗಳಲ್ಲಿ ರಾತ್ರಿಯಿಡೀ ನೀರು ನಿಲ್ಲಿಸಿ ತರಲು ಹೇಳಿ, ಅದರೊಳಗೆ ತಾಮ್ರ ಹುಡುಕಿ, ಸಿಕ್ಕಿತೆಂದು ಸಹಿ ಹಾಕಿದ್ದ.

ಅಂಗಿ ಹಾಕಿಕೊಂಡು ಮೊದಲು ಬಣ್ಣದಾತನ ಮನೆಗೆ ಹೋದೆ. ತಪ್ಪು ನನ್ನದು ಎಂದೆ. ಅವನು ಪೂರ್ತಿ ಕೇಳಿಕೊಂಡು, "ಅಂಗಾರೆ ಬೀಗ ತೆಗೀತಾರಾ ಸಾ?" ಎಂದಷ್ಟೇ ಕೇಳಿದ. ಮತ್ತೆ ಪರೀಕ್ಷೆ ಮಾಡಬೇಕು ಎಂದೆ. "ಮಾಡಿ ಮತ್ತೆ. ಮಗ್ಗದೋರು ಸೋಮ್ವಾರದವರ್ಗೆ ಕಾಯ್ತೀವಿ ಅಂದವ್ರೆ" ಎಂದ.

ಮತ್ತೆ ಮಾಡುವುದು ಸುಲಭವಿರಲಿಲ್ಲ. ಪ್ಲಾಸ್ಟಿಕ್ ಬಾಟಲಿಯಲ್ಲಿ ನೀರು ಕೊಡಿ ಎಂದರೆ ಊರು ಒಪ್ಪಲಿಲ್ಲ. ದೇವರ ಕೋಣೆಗೆ ಹೋಗುವ ನೀರು; ಬ್ರಾಂದಿ ಅಂಗಡಿಯ ಮುಂದೆ ಬಿದ್ದಿರುವಂಥ ಬಾಟಲಿಯಲ್ಲೇ? ಎದುರು ಮನೆಯ ಅಜ್ಜಿ, "ಓದಿ ಓದಿ ನಿಂಗೆ ತಲೆ ಕೆಟ್ಟದೆ ಕಣ್ ಮೇಷ್ಟ್ರೇ. ಚೊಂಬು ಇಸಾನಾ? ನಮ್ಮತ್ತೆ ಇದ್ರಲ್ಲೇ ಕುಡುದು ತೊಂಬತ್ತೊರ್ಸ ಬದುಕುದ್ಲು" ಎಂದು ಚೊಂಬನ್ನು ಇನ್ನೊಮ್ಮೆ ಬೆಳಗಲು ಒಳಗೆ ಹೊರಟಳು. ಕೊನೆಗೆ ಶನಿವಾರ ನಾನೂ ಹುಡುಗಿಯೂ ಪ್ಲಾಸ್ಟಿಕ್ ಬಕೆಟ್ಟು, ಹಗ್ಗ ಹಿಡಿದು ಬಾವಿಯಿಂದ ಬಾವಿಗೆ ಹೋಗಿ ನಾವೇ ಸೇದಿದೆವು. ಹನ್ನೊಂದನೆಯ ಬಾವಿಯ ಹೊತ್ತಿಗೆ ನನ್ನ ಅಂಗೈಯಲ್ಲಿ ಬೊಬ್ಬೆ. ಬಾಟಲಿಗಳು ಮನೆಗೆ ಬಂದಾಗ ಹೆಂಡತಿ ದೇವರ ಪಟಗಳಿಗೆಲ್ಲ ಒಂದು ಪಂಚೆ ಮುಚ್ಚಿ, "ಅವ್ರು ನೋಡ್ದಿದ್ರೆ ಸರಿ. ಬೇಗ ಮುಗ್ಸಿ" ಎಂದಳು.

ಮೆಂಬರು ಬಂದು ನಿಂತರು. ಬಣ್ಣದಾತ ಬಾಗಿಲ ಹತ್ತಿರ ನಿಂತ. ಕೈಯ ಹಸಿರು ಅರ್ಧ ತೊಳೆದುಹೋಗಿತ್ತು. ಹುಡುಗಿ ಒಂದೊಂದಾಗಿ ಸುರಿದಳು. ಒಂದು, ಎರಡು, ಮೂರು. ಹನ್ನೊಂದೂ ನೀಲಿ.

"ಅಂಗಾರೆ ಮೊನ್ನೆ ಕತ್ಲಾಗಿದ್ದು?" ಎಂದರು ಮೆಂಬರು.

"ಚೊಂಬು" ಎಂದೆ.

"ಅಂಗಾರೆ ನಾವು ಚೊಂಬ್ಗೆ ಬೀಗ ಆಕ್ಬೇಕಾಗಿತ್ತಾ ಸಾ?" ಬಗ್ಗಿ ನಳಿಗೆಗಳನ್ನು ಇನ್ನೊಮ್ಮೆ ನೋಡಿದರು. "ಆದ್ರೂ ನಮ್ಮನೆ ಕಾಪಿ ರುಚಿ ಸುಳ್ಳಲ್ಲ. ನಾಲ್ಗೆ ಸುಳ್ಳೇಳಾಕಿಲ್ಲ."

ಯಾವಾಗಿನಿಂದ ಆ ರುಚಿ ಎಂದು ಹುಡುಗಿ ಕೇಳಿದಳು. ಯುಗಾದಿಯಿಂದ ಎಂದರು. ಯುಗಾದಿಗೆ ಮನೆಗೆ ಹೊಸದಾಗಿ ಏನು ತಂದಿರಿ ಎಂದಳು.  ಗೋಣಿಚೀಲದ ಆಚೆಯಿಂದ, ಹಜಾರದಲ್ಲಿ ಕೂತಿದ್ದ ಮೆಂಬರ ಹೆಂಡತಿಯ ದನಿ ಬಂತು: "ನಲ್ಲಿ ಇರೋ ತಾಮ್ರದ್ ಡ್ರಮ್ಮು ಕಣವ್ವ. ಮೊಬೈಲಲ್ಲಿ ನೋಡಿ ತಂದವ್ರೆ. ಆರೋಗ್ಯಕ್ಕೊಳ್ಳೇದಂತೆ. ದಿನಾ ಉಣ್ಸೇಹಣ್ಣಾಕಿ ಉಜ್ಜಿ ಉಜ್ಜಿ ನನ್ ಕೈ ಸವುದೋಯ್ತು. ಇವ್ರು ಆ ಇಡಿಯೋನ ಊರ್ಗೆಲ್ಲ ಬೇರೆ ಕಳ್ಸವ್ರೆ."

ಬಣ್ಣದಾತ ಮೊದಲ ಸಲ ನಕ್ಕ. "ನಿಮ್ ಡ್ರಮ್ಮ ನಂಗೆ ಕೊಡಣ್ಣ. ನಾನೆಂಗೂ ತಾಮ್ರ ಆಕ್ತಿನಿ ಅಂತೀರಲ್ಲ."

"ಸುಮ್ಕಿರ್ಲಾ" ಎಂದರು ಮೆಂಬರು. ದನಿಯಲ್ಲಿ ಜೋರಿರಲಿಲ್ಲ.

ಭಾನುವಾರ ತುರ್ತು ಸಭೆ. ಇಲ್ಲಿ ಪಂಚಾಯ್ತಿಯ ಅಧಿಕಾರಿಗೆ ಒಂದು ಧರ್ಮಸಂಕಟ ಬಂತು. ನೀರಿನಲ್ಲಿ ತಾಮ್ರವಿದೆ ಎಂದು ನಡಾವಳಿ ಪುಸ್ತಕದಲ್ಲಿ ಬರೆದಾಗಿದೆ. ಪುಸ್ತಕದಲ್ಲಿ ಬರೆದದ್ದನ್ನು ಬಾವಿ ಒಪ್ಪದಿದ್ದರೆ ತಿದ್ದಬೇಕಾದವರು ಯಾರು? ಬಹಳ ಚರ್ಚೆಯಾಗಿ, ಮೊದಲು ಬರೆದುಕೊಟ್ಟವನೇ ಎರಡನೆಯದನ್ನೂ ಬರೆದುಕೊಡಬೇಕೆಂದು ತೀರ್ಮಾನವಾಯಿತು. ನಾನು ಎದ್ದು ನಿಂತು, ನನ್ನ ಹಳೆಯ ವಿದ್ಯಾರ್ಥಿಗಳು ತುಂಬಿದ್ದ ಆ ಸಭೆಯಲ್ಲಿ, ಎರಡು ಅಂಕದ ಪ್ರಶ್ನೆಯಲ್ಲಿ ಫೇಲಾದದ್ದನ್ನು ಓದಿ ಹೇಳಿದೆ. ಹಿಂದಿನ ಸಾಲಿನಿಂದ ಯಾರೋ, "ಬೆಂಚ್ ಮ್ಯಾಲೆ ನಿಲ್ಸನಾ ಸಾ?" ಎಂದರು. ಅಧಿಕಾರಿಗಳು ಶಿಸ್ತಿಗಾಗಿ ಮೇಜು ಕುಟ್ಟಿದರು, ಕುಟ್ಟುತ್ತಲೇ ನಗುತ್ತಿದ್ದರು.

ಹುಡುಗಿ ತನ್ನ ಮಾತನ್ನು ತಾನೇ ಹೇಳಿದಳು. ತನ್ನ ಕಷಾಯ ಹೇಳುವುದು ತಾಮ್ರ ಅಷ್ಟಾಗಿ ಇಲ್ಲ ಎಂಬುದನ್ನು ಮಾತ್ರ. ಬೇರೆ ಏನಿದೆ ಏನಿಲ್ಲ ಎಂದು ಅದು ಹೇಳುವುದಿಲ್ಲ. ನೀರನ್ನು ಜಿಲ್ಲೆಯ ಪ್ರಯೋಗಾಲಯಕ್ಕೆ ಕಳಿಸಿ. ಬಣ್ಣದ ನೀರನ್ನು ಹಳ್ಳಕ್ಕೆ ಬಿಡುವುದು ಹೇಗಿದ್ದರೂ ಸರಿಯಲ್ಲ, ಅದಕ್ಕೊಂದು ಗಾರೆ ಗುಂಡಿ ಬೇಕು ಎಂದಳು. ಬಣ್ಣದಾತ ಗುಂಡಿ ಕಟ್ಟಿಸುತ್ತೇನೆ ಎಂದು ಒಪ್ಪಿಕೊಂಡ. ಮೆಂಬರು ಕೈ ಎತ್ತಿದರು. ಉಳಿದವರೂ ಎತ್ತಿದರು.

ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಶೆಡ್ಡಿನ ಬೀಗ ತೆಗೆದರು. ಮಗ್ಗದವರ ನೂಲು ಮಧ್ಯಾಹ್ನದ ಬಸ್ಸಿನಲ್ಲಿ ಬಂತು. ಪ್ರಯೋಗಾಲಯದ ವರದಿ ಒಂದೂವರೆ ತಿಂಗಳಾದ ಮೇಲೆ ಬಂತು. ಹನ್ನೊಂದು ಬಾವಿಗಳಲ್ಲೂ ತಾಮ್ರ ಮಿತಿಯೊಳಗಿದೆ ಎಂದು ಅದರಲ್ಲಿತ್ತು. ಗಾರೆ ಗುಂಡಿ ಕಟ್ಟಿದ್ದಾರೆ. ಶೆಡ್ಡು ನಡೆಯುತ್ತಿದೆ.